ಬಿದ್ದರೆ ನೀನೇ ಎತ್ತುವಂಥದ್ದು ತಗೋ

ನೀನು ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ ಮಾರಾಯ. ಒಂದರಲ್ಲೂ ಬೈಕಿನ ಚಕ್ರ ನೆಲ ಮುಟ್ಟಿಲ್ಲ. ಎಲ್ಲವೂ ಗಾಳಿಯಲ್ಲಿವೆ. ಹಿಂದೆ ಧೂಳು, ಮೇಲೆ ಮುಖವೇ ಕಾಣದ ಹಾಗೆ ಹೆಲ್ಮೆಟ್ ಹಾಕಿದ ಯಾರೋ ಪುಣ್ಯಾತ್ಮ. ಕೆಳಗೆ ನಿನ್ನ ಪ್ರಶ್ನೆ: ಅಜ್ಜಾ, ಇದರಲ್ಲಿ ಯಾವುದು ತಗೊಳ್ಳಲಿ? ಹಾರೋದು ನಿನ್ನ ಕಣ್ಣಿಗೆ ಬಿದ್ದಿದೆ. ಇಳಿಯೋದೆಲ್ಲಿ ಅಂತ ಕೇಳೋ ಕೆಲಸ ನನ್ನ ಪಾಲಿಗೆ ಬಂದಿದೆ.

ಆಸೆ ಪಡೋದು ತಪ್ಪಲ್ಲ. ಕೈಕಾಲು ಗಟ್ಟಿಯಾಗಿದೆ, ಸಂಬಳ ಬರ್ತಿದೆ, ವಾರಕ್ಕೆರಡು ದಿನ ರಜೆ ಇದೆ. ಬುದ್ಧಿಯೂ ಇದೆ, ನಾನು ಇಲ್ಲ ಅನ್ನಲ್ಲ. ಆಸೆ ಬಂದು ಒಂದು ದಿನ ಆದ ಮೇಲೆ ಅದು ಬರುತ್ತೆ, ಅಷ್ಟೆ. ಹಾಗಾಗಿ ಅಡ್ವಾನ್ಸ್ ಕೊಡೋ ಮುಂಚೆ ಸ್ವಲ್ಪ ಕೂತು ಕೇಳು.

ಒಂದು ಕಾಗದ ತಗೊಂಡು ನೀನು ನಿಜವಾಗಿ ಓಡಿಸುವ ದಾರಿ ಬರೆ. ಲಡಾಖ್ ಬರೀಬೇಡ, ಸ್ಪಿತಿಯೂ ಬೇಡ. ಮನೆಯಿಂದ ಪೇಟೆಗೆ ಹೋಗುವ ಟಾರು ರಸ್ತೆ. ಅದೂ ಮಳೆಗಾಲ ಮುಗಿಯುವ ಹೊತ್ತಿಗೆ ಅರ್ಧ ಟಾರು, ಅರ್ಧ ಗುಂಡಿ. ಬಸ್ ಸ್ಟಾಪಿನಿಂದ ತೋಟದ ತನಕ ಜಲ್ಲಿ ಎದ್ದ ಏರು. ಉಣುಗೋಲು ದಾಟಿದರೆ ಜೀಪು ಓಡಾಡಿ ಎರಡು ಜಾಡು ಬಿದ್ದ ಕೆಮ್ಮಣ್ಣಿನ ದಾರಿ, ನಡುವೆ ಹುಲ್ಲು. ಆಮೇಲೆ ಹಳ್ಳ. ಹಳ್ಳದಾಚೆ ಸಿಲ್ವರ್ ಓಕಿನ ದರಗು ಮುಚ್ಚಿದ ಕಾಲುದಾರಿ. ಇಷ್ಟೇ ತಾನೆ? ಇದಕ್ಕೆ ಬೇಕಾದ ಬೈಕ್ ಬೇರೆ, ಲಡಾಖಿಗೆ ಬೇಕಾದ ಬೈಕ್ ಬೇರೆ. ಲಡಾಖಿಗೆ ಹೋಗೋ ಯೋಗ ಬಂದರೆ ಲೇಹದಲ್ಲಿ ಬಾಡಿಗೆಗೆ ಸಿಗುತ್ತೆ. ಹತ್ತು ವರ್ಷಕ್ಕೊಮ್ಮೆ ಹೋಗುವ ಊರಿಗಾಗಿ ದಿನಾ ಭಾರ ಹೊತ್ಕೊಂಡು ತಿರುಗಬೇಡ.

ನಮ್ಮ ಕಾಲದಲ್ಲಿ ಡರ್ಟ್ ಬೈಕ್ ಅಂತ ಯಾರೂ ಮಾರ್ತಿರಲಿಲ್ಲ. ರಾಜದೂತ್ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಯೆಜ್ಡಿ ಇತ್ತು. 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂತು ನೋಡು, ಎಸ್ಟೇಟ್ ರೈಟರುಗಳು ಅದನ್ನು ಬಿಡಲೇ ಇಲ್ಲ. ಹಿಂದೆ ಗೊಬ್ಬರದ ಚೀಲ, ಮುಂದೆ ಟ್ಯಾಂಕಿನ ಮೇಲೆ ಮಗು, ಆ ಏರಿನಲ್ಲಿ ಫಸ್ಟ್ ಗೇರಿನಲ್ಲಿ ಹೊಗೆ ಬಿಟ್ಕೊಂಡು ಹತ್ತಿಬಿಡ್ತಿದ್ದರು. ಅದರಲ್ಲಿ ಮಹಾ ಸಸ್ಪೆನ್ಷನ್ ಏನಿತ್ತು? ಏನೂ ಇಲ್ಲ. ತೂಕ ನೂರು ಕಿಲೋ ಆಸುಪಾಸು, ಅದೇ ಅದರ ಗುಟ್ಟು. ಕೆಸರಿನಲ್ಲಿ ಹೂತರೆ ಇಬ್ಬರು ಹಿಡಿದು ಎತ್ತಿ ಪಕ್ಕಕ್ಕೆ ಇಡ್ತಿದ್ದರು. ಆಮೇಲೆ 2011ರಲ್ಲಿ ಹೀರೋದವರು ಇಂಪಲ್ಸ್ ಅಂತ 150 ಸಿಸಿಯದ್ದು ತಂದರು. ಒಳ್ಳೇ ಗಾಡಿ. ಆಗ ಕೊಳ್ಳುವವರು ಇರಲಿಲ್ಲ, ನಿಂತುಹೋಯ್ತು. ಈಗ ನಿನ್ನ ಪೀಳಿಗೆ ಸೆಕೆಂಡ್ ಹ್ಯಾಂಡ್ ಇಂಪಲ್ಸ್ ಹುಡುಕಿಕೊಂಡು ಅಲೀತಿದೆ.

ಈಗಿನವುಗಳ ಲೆಕ್ಕಕ್ಕೆ ಬರೋಣ. ಹೀರೋ ಎಕ್ಸ್‌ಪಲ್ಸ್ 200 4ವಿ 159 ಕಿಲೋ. ಅದರ ತಮ್ಮ ಎಕ್ಸ್‌ಪಲ್ಸ್ 210, ನೀರಿನಿಂದ ತಣಿಯುವ ಎಂಜಿನ್ನಿನದು, 168. ಕಾವಾಸಾಕಿ ಕೆಎಲ್‌ಎಕ್ಸ್ 230 ಬರೀ 139. ನೀನು ಮೂರು ಸಲ ಕಳಿಸಿದ ಆ ಹಿಮಾಲಯನ್ 450 ಇದೆಯಲ್ಲ, ಅದು 196. ಕೆಎಲ್‌ಎಕ್ಸಿಗೂ ಹಿಮಾಲಯನ್ನಿಗೂ ಇರುವ ಅಂತರ ನೋಡು, ಒಂದು ಮೂಟೆ ಕಾಫಿ ಮೇಲೊಂದಿಷ್ಟು. ಹೈವೇಯಲ್ಲಿ ಆ ಮೂಟೆ ಗೊತ್ತೇ ಆಗಲ್ಲ. ಇನ್ನೂ ಚೆಂದ, ಗಾಳಿಗೆ ಅಲ್ಲಾಡದೆ ಹೋಗುತ್ತೆ. ಆದರೆ ಹಳ್ಳದ ದಡದಲ್ಲಿ, ಪಾಚಿ ಕಲ್ಲಿನ ಮೇಲೆ, ಮುಂದಿನ ಚಕ್ರ ಜಾರಿ ಗಾಡಿ ಮಲಗಿದಾಗ ಆ ಮೂಟೆ ಮಾತಾಡುತ್ತೆ.

ಮಲಗುತ್ತೆ, ಅದರಲ್ಲಿ ಅನುಮಾನ ಬೇಡ. ಮಣ್ಣಿನ ದಾರಿಯಲ್ಲಿ ಬೀಳದೇ ಓಡಿಸೋದು ಕಲಿತವರು ಯಾರೂ ಇಲ್ಲ. ಹಾಗಾಗಿ ನಾನು ಹೇಳೋ ಪರೀಕ್ಷೆ ಇದು. ಯಾವ ಬೈಕ್ ಮೇಲೆ ಮನಸ್ಸಿದೆಯೋ ಅಂಥದ್ದು ಇರುವ ಸ್ನೇಹಿತನನ್ನು ಹಿಡಿ. ಬಿರಿಯಾನಿ ಕೊಡಿಸು. ಅವನ ಬೈಕನ್ನು ಹುಲ್ಲಿನ ಮೇಲೆ ನಿಧಾನವಾಗಿ ಮಲಗಿಸಿ, ಯಾರೂ ಕೈ ಹಾಕದ ಹಾಗೆ ನೀನೊಬ್ಬನೇ ಎತ್ತು. ಸೊಂಟ ಬಗ್ಗಿಸಿ ತೋಳಿನಲ್ಲಿ ಎಳೆದರೆ ಬೆನ್ನು ಹಿಡ್ಕೊಳ್ಳುತ್ತೆ. ವಾರವಿಡೀ ನಿನ್ನ ಅಮ್ಮನ ಹತ್ತಿರ ಎಣ್ಣೆ ತಿಕ್ಕಿಸಿಕೊಳ್ಳಬೇಕಾಗುತ್ತೆ. ಮೊದಲು ಎಂಜಿನ್ ಆಫ್ ಮಾಡು, ಗೇರಿನಲ್ಲಿಡು, ಆಚೆ ಬದಿಗೆ ಬೀಳದ ಹಾಗೆ ಸೈಡ್ ಸ್ಟ್ಯಾಂಡ್ ಇಳಿಸಲಾದರೆ ಇಳಿಸು. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸು. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂರು. ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಹಿಂದಿನ ಹಿಡಿಗೆ. ಆಮೇಲೆ ತೊಡೆಯ ಬಲದಲ್ಲಿ ಸಣ್ಣ ಸಣ್ಣ ಹೆಜ್ಜೆ ಇಡ್ತಾ ಹಿಂದಕ್ಕೆ ನೂಕು. ಒಂದು ಸಲ ಎತ್ತಿದ್ದು ಲೆಕ್ಕಕ್ಕಿಲ್ಲ. ತಕ್ಷಣ ಮತ್ತೆ ಮಲಗಿಸಿ ಎತ್ತು. ಮತ್ತೂ ಒಂದು ಸಲ. ಮೂರನೇ ಸಲಕ್ಕೆ ನಿನ್ನ ಮುಖದಲ್ಲಿ ಏನು ಕಾಣುತ್ತೋ ಅದೇ ಉತ್ತರ. ಯೂಟ್ಯೂಬಿನ ಯಾವ ಪಂಡಿತನೂ ಇದಕ್ಕಿಂತ ನಿಜ ಹೇಳಲ್ಲ.

ಸೀಟಿನ ಎತ್ತರವನ್ನೂ ಇದೇ ಹಟದಲ್ಲಿ ನೋಡು. ಶೋರೂಮಿನ ಟೈಲ್ಸ್ ನೆಲದಲ್ಲಿ ತುದಿಗಾಲು ಊರಿ "ಸಾಕು ಅಜ್ಜ, ಮುಟ್ಟುತ್ತೆ" ಅಂತ ನಗಬೇಡ. ನಮ್ಮ ದಾರಿ ಸಮತಟ್ಟಾಗಿಲ್ಲ. ಕಾಲು ಊರಬೇಕಾದ ಕಡೆಯೇ ಮಣ್ಣು ತಗ್ಗಿರುತ್ತೆ, ಮುಟ್ಟೋ ಕಾಲು ಅಲ್ಲಿ ಮುಟ್ಟಲ್ಲ. ಎಕ್ಸ್‌ಪಲ್ಸ್ 200 4ವಿಯ ಸೀಟು 825 ಮಿಲಿಮೀಟರ್. ಅದರದೇ ಪ್ರೋ ಅನ್ನೋದರದ್ದು 891. ಕೆಎಲ್‌ಎಕ್ಸಿನದ್ದು 880. ಆದರೆ ಬರೀ ಸಂಖ್ಯೆ ನೋಡಿ ಹೆದರಬೇಡ. ಕೆಎಲ್‌ಎಕ್ಸಿನ ಸೀಟು ಸಪೂರ. ಶಾಕ್ ಮೆತ್ತಗಿದ್ದು ನೀನು ಕೂತ ಕೂಡಲೇ ಇಳಿಯುತ್ತೆ. ಅಗಲ ಸೀಟಿನ ತಗ್ಗು ಬೈಕಿಗಿಂತ ಸಪೂರ ಸೀಟಿನ ಎತ್ತರದ ಬೈಕ್ ಕೆಲವೊಮ್ಮೆ ಸುಲಭ. ಕೂತು ನೋಡಿಯೇ ತಿಳೀಬೇಕು. ಹೋಗುವಾಗ ನಿನ್ನ ತಂಗಿಯನ್ನೂ ಕರ್ಕೊಂಡು ಹೋಗು. ಸೋಮವಾರದಿಂದ ಶುಕ್ರವಾರ ನೀನು ಬೆಂಗಳೂರಿನಲ್ಲಿರ್ತೀಯ. ಆ ಬೈಕಿನಲ್ಲಿ ಸೊಸೈಟಿಗೂ ಪೋಸ್ಟಾಫೀಸಿಗೂ ಹೋಗೋಳು ಅವಳು. ಸ್ಕೂಟಿಯನ್ನೇ ಕೆಸರಿನಲ್ಲಿ ನಿನಗಿಂತ ಚೆನ್ನಾಗಿ ಓಡಿಸ್ತಾಳೆ, ಬೇಜಾರು ಮಾಡ್ಕೋಬೇಡ.

ಇನ್ನು ಅಶ್ವಶಕ್ತಿಯ ಹುಚ್ಚು. ಕೆಟಿಎಮ್ 390 ಎಂಡ್ಯೂರೋ ಆರ್ ಅಂತ 2025ರಲ್ಲಿ ಬಂತಲ್ಲ, ನಲವತ್ತು ಮೀರಿದ ಕುದುರೆಗಳು ಅದರಲ್ಲಿ. ಚೆಂದದ ಯಂತ್ರ, ಓಡಿಸಲು ಬಲ್ಲವನಿಗೆ. ನಮ್ಮ ತೋಟದ ಏರಿನಲ್ಲಿ ನಿನಗೆ ಬೇಕಾಗುವುದು ಎಷ್ಟು? ಹೆಚ್ಚೆಂದರೆ ಹತ್ತು ಹನ್ನೆರಡು. ಮಿಕ್ಕವು ಹಿಂದಿನ ಚಕ್ರ ಗಿರಗಿರ ತಿರುಗಿಸಿ ನಿನ್ನ ಬೆನ್ನಿಗೇ ಕೆಸರು ಎರಚುತ್ತವೆ. ಕೇಳಬೇಕಾದ್ದು ಎಷ್ಟು ಕುದುರೆ ಅಂತಲ್ಲ, ಯಾವ ವೇಗದಲ್ಲಿ ಎಳೆಯುತ್ತೆ ಅಂತ. ಆಕ್ಸಿಲರೇಟರ್ ಅರ್ಧಂಬರ್ಧ ತಿರುಗಿಸಿ, ನಡೆಯುವ ವೇಗದಲ್ಲಿ, ಕ್ಲಚ್ಚನ್ನು ಎರಡು ಬೆರಳಲ್ಲಿ ಹಿಡಿದು ಏರು ಹತ್ತಬಹುದಾ? ಎಂಜಿನ್ ಆಫ್ ಆಗದೆ ಗುಡುಗುಡು ಅಂತ ಎಳೆಯುತ್ತಾ? ಅಂಥದ್ದು ನಿನಗೆ ಕಲಿಸುತ್ತೆ. ದೊಡ್ಡದು ನಿನ್ನನ್ನು ಎಳ್ಕೊಂಡು ಹೋಗುತ್ತೆ. 200 ಸಿಸಿಯದ್ದು ಪೇಟೆಗೆ ಹೋಗಿಬರೋಕೆ ಧಾರಾಳ ಸಾಕು. ಬೆಂಗಳೂರಿನಿಂದ ಅದರಲ್ಲೇ ಬರ್ತೀನಿ ಅಂದರೆ ಬರಬಹುದು, ಸೀಟು ನಿನಗೆ ಪಾಠ ಹೇಳುತ್ತೆ. ಕೆಎಲ್‌ಎಕ್ಸಿನ ಟ್ಯಾಂಕ್ ಅಂತೂ 7.6 ಲೀಟರಿನದು, ಘಟ್ಟದ ಮೇಲೆ ಬಂಕು ಹುಡುಕೋ ಗತಿ ಬರಬಾರದು ಅಂದರೆ ಬಸ್ಸಿಗೇ ಬಾ.

ಚಕ್ರ ನೋಡೋದು ಮರೀಬೇಡ. ಮುಂದೆ 21 ಇಂಚು, ಹಿಂದೆ 18, ಕಡ್ಡಿಯ ಚಕ್ರ. ಎಕ್ಸ್‌ಪಲ್ಸಿಗೂ ಕೆಎಲ್‌ಎಕ್ಸಿಗೂ ಇದೇ. ಮುಂದಿನ ಚಕ್ರ ದೊಡ್ಡದಿದ್ದಷ್ಟೂ ಕಲ್ಲು, ಬೇರು, ಗುಂಡಿಯ ಅಂಚು ಹತ್ತೋದು ಸಲೀಸು. ಅಲಾಯ್ ಚಕ್ರ ಟಾರಿಗೆ ಸರಿ. ಕಲ್ಲಿಗೆ ಬಡಿದರೆ ಅದು ಬಿರುಕು ಬಿಡುತ್ತೆ. ಕಡ್ಡಿ ಚಕ್ರ ಸ್ವಲ್ಪ ಬಾಗುತ್ತೆ, ನಮ್ಮ ಪೇಟೆಯ ಸೈಕಲ್ ಶಾಪಿನವನೂ ಕಡ್ಡಿ ಬಿಗಿದು ರಿಮ್ ನೇರ ಮಾಡ್ತಾನೆ. ಕಷ್ಟ ಒಂದೇ, ಒಳಗೆ ಟ್ಯೂಬ್ ಇರುತ್ತೆ. ಪಂಕ್ಚರ್ ಹಾಕೋದು ಕಲಿ. ಮನೆಯಂಗಳದಲ್ಲಿ ಒಮ್ಮೆ ಟೈರ್ ಬಿಚ್ಚಿ ಹಾಕು, ಬೆರಳು ಜಜ್ಜಿಕೊಳ್ಳೋದೆಲ್ಲ ಇಲ್ಲೇ ಮುಗೀಲಿ.

ಟೈರಿನ ವಿಷಯದಲ್ಲಿ ನೀವು ಹುಡುಗರು ಎರಡು ಅತಿಗೂ ಹೋಗ್ತೀರಿ. ಕೆಲವರು ಟಾರಿನ ಟೈರಿನಲ್ಲೇ ಕೆಸರಿಗೆ ಇಳೀತಾರೆ. ಇನ್ನು ಕೆಲವರು ಮೊದಲ ದಿನವೇ ಅಷ್ಟಷ್ಟು ದಪ್ಪ ಗಟ್ಟಿಯ ಟೈರ್ ಹಾಕಿಸಿ, ಅದೇ ಗತ್ತಿನಲ್ಲಿ ಒದ್ದೆ ಟಾರಿನ ತಿರುವಿಗೆ ನುಗ್ಗುತ್ತಾರೆ. ಆ ಗಟ್ಟಿಗಳು ಮಣ್ಣಿಗೆ ಕಚ್ಚೋಕೆ ಇರುವಂಥವು. ಟಾರಿನ ಮೇಲೆ ರಬ್ಬರು ತಾಗುವುದೇ ಕಡಿಮೆ. ಮಳೆಯಲ್ಲಿ ಬ್ರೇಕ್ ಹಿಡಿದರೆ ಜಾರುತ್ತೆ. ನಿನ್ನ ದಾರಿ ಅರ್ಧ ಟಾರು, ಅರ್ಧ ಮಣ್ಣು. ಕಂಪನಿ ಕೊಟ್ಟ ಮಿಶ್ರ ಟೈರ್ ಸವೆಯುವ ತನಕ ಅದರಲ್ಲೇ ಓಡಿಸು. ಮಣ್ಣಿಗಿಳಿಯುವಾಗ ಗಾಳಿ ಸ್ವಲ್ಪ ಇಳಿಸು, ಇಪ್ಪತ್ತು ಪಿಎಸ್‌ಐ ಹತ್ತಿರ. ತೀರಾ ಇಳಿಸಿದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ತೂತಾಗುತ್ತೆ. ಟಾರಿಗೆ ಬಂದ ಕೂಡಲೇ ಕಂಪನಿ ಹೇಳಿದಷ್ಟು ತುಂಬಿಸು. ಸಣ್ಣ ಪಂಪೊಂದು ಚೀಲದಲ್ಲಿರಲಿ. ಎಬಿಎಸ್ಸಿಗೂ ಇದೇ ಮಾತು: ಹಿಂದಿನ ಚಕ್ರದ್ದನ್ನು ಆಫ್ ಮಾಡುವ ಗುಂಡಿ ಇದ್ದರೆ ಜಲ್ಲಿ ಇಳಿಜಾರಿನಲ್ಲಿ ಉಪಯೋಗ, ಟಾರಿಗೆ ಬಂದ ಮೇಲೆ ಆನ್ ಮಾಡೋದನ್ನು ಮರೆತರೆ ಅಪಾಯ.

ಈಗ ಕಾಗದಪತ್ರ. ಮುಖ ಸಿಂಡರಿಸಬೇಡ, ಇಲ್ಲೇ ಬುದ್ಧಿವಂತರೂ ಮೋಸ ಹೋಗೋದು. ಯಾರೋ ನಿನಗೆ "ಕೆಎಕ್ಸ್ 250 ಇದೆ ಬ್ರೋ, ಚೀಪ್ ರೇಟು" ಅಂದಿದ್ದಾನಂತೆ. ಕಾವಾಸಾಕಿ ಕೆಎಕ್ಸ್ ಅನ್ನೋದು ರೇಸ್ ಟ್ರ್ಯಾಕಿಗೆ ಮಾಡಿದ್ದು. ಹೆಡ್‌ಲೈಟಿಲ್ಲ, ಇಂಡಿಕೇಟರಿಲ್ಲ, ನಂಬರ್ ಪ್ಲೇಟಿಗೆ ಜಾಗವೇ ಇಲ್ಲ. ಆರ್‌ಟಿಒದಲ್ಲಿ ಅದು ರಿಜಿಸ್ಟರ್ ಆಗಲ್ಲ. ಕೆಎಲ್‌ಎಕ್ಸ್ 230ರಲ್ಲೂ ರಸ್ತೆಗೆ ಇಳಿಯುವುದೊಂದು ಇದೆ, ಹೆಸರಿನ ಬಾಲಕ್ಕೆ ಆರ್ ಎಸ್ ಸೇರಿಸಿಕೊಂಡು ಟ್ರ್ಯಾಕಿಗೆ ಮಾತ್ರ ಇರುವುದೊಂದು ಇದೆ. ಬಿಲ್ಲಿನಲ್ಲಿ ಯಾವುದು ಅಂತ ಓದಿಯೇ ದುಡ್ಡು ಕೊಡು. ಲೈಟು ಕಟ್ಟಿಸಿ ಹಾರ್ನ್ ಸಿಕ್ಕಿಸಿದರೆ ಆಯ್ತು ಅಂತ ಹೇಳೋರ ಮಾತಿಗೆ ಕಿವಿ ಕೊಡಬೇಡ. ಆರ್‌ಸಿ ಇಲ್ಲ ಅಂದರೆ ಇನ್ಶೂರೆನ್ಸ್ ಇಲ್ಲ. ಬಸ್ ಸ್ಟಾಪಿನ ಹತ್ತಿರ ಒಬ್ಬ ಶಾಲೆ ಮಗುವಿಗೆ ತಾಗಿಸಿದೆ ಅಂದ್ಕೋ. ಪರಿಹಾರ ನಿನ್ನ ಕೈಯಿಂದ, ಆಮೇಲೆ ಅಪ್ಪನ ತೋಟದಿಂದ. ಮನೆಯಿಂದ ಕಾಡುದಾರಿಗೆ ಹೋಗೋಕೆ ಬರೀ ಅರ್ಧ ಮೈಲಿ ಟಾರು ಅಂತೀಯಲ್ಲ, ಆ ಅರ್ಧ ಮೈಲಿಗೂ ಕಾನೂನು ಅದೇ. ರಿಜಿಸ್ಟರ್ ಆದ ಬೈಕಿದ್ದರೂ ಇನ್ಶೂರೆನ್ಸ್ ರೇಸಿಗೆ ಅನ್ವಯಿಸಲ್ಲ, ಅದು ಪಾಲಿಸಿಯಲ್ಲೇ ಬರೆದಿರುತ್ತೆ.

ಪಕ್ಕದ ಮನೆ ಹುಡುಗ, ಎಸ್ಸೆಸ್ಸೆಲ್ಸಿಯವನು, "ಅಣ್ಣಾ ಒಂದು ರೌಂಡ್" ಅಂತ ಬಂದರೆ ಕೊಡಬೇಡ. 2019ರ ತಿದ್ದುಪಡಿ ಆದ ಮೇಲೆ ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಗಾಡಿಯ ಮಾಲೀಕನಿಗೋ ಪೋಷಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ನಿಷ್ಠುರ ಆದರೆ ಆಗಲಿ.

ಸೈಲೆನ್ಸರ್ ಬದಲಾಯಿಸ್ತೀನಿ ಅಂತ ಒಂದು ಸಾಲು ಬರೆದಿದ್ದೀಯ. ಅದನ್ನು ಅಳಿಸಿಬಿಡು. ಮೂಲ ರೂಪಕ್ಕೆ ಹೀಗೆ ಕೈ ಹಾಕೋದು ಮೋಟಾರು ವಾಹನ ಕಾಯ್ದೆಗೆ ವಿರುದ್ಧ, ಅದೊಂದು. ಆ ಸದ್ದಿಗೆ ಕೊಟ್ಟಿಗೆಯ ಹಸು ಹಾಲು ಬಿಡಲ್ಲ, ಅದಿನ್ನೊಂದು. ನಿನ್ನಜ್ಜಿಗೆ ಎರಡನೆಯದೇ ದೊಡ್ಡ ಕಾಯ್ದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳೋ ಯೋಚನೆ ಕೆಟ್ಟದ್ದಲ್ಲ. ಹೊಸದಕ್ಕೆ ನಮ್ಮ ರಾಜ್ಯದಲ್ಲಿ ಲೈಫ್ ಟ್ಯಾಕ್ಸೂ ಸೇರಿ ಆನ್ ರೋಡ್ ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತೆ. ಮೇಲಾಗಿ ಮೊದಲ ಗೀರು ಬೇರೆಯವನೇ ಹಾಕಿರ್ತಾನೆ, ನಿನಗೆ ಸಂಕಟ ಇಲ್ಲ. ಆದರೆ ತೊಳೆದು ಮಿರಮಿರ ಮಿಂಚ್ತಿರುವ ಬೈಕನ್ನು ನಂಬಬೇಡ. ಮುಂದಿನ ಫೋರ್ಕ್ ಕೊಳವೆಗಳ ಮೇಲೆ ಹೆಬ್ಬೆರಳು ಸವರಿ ನೋಡು. ಎಣ್ಣೆಯ ಪಸೆ ಅಂಟಿದರೆ ಸೀಲ್ ಹೋಗಿದೆ. ಉಗುರಿಗೆ ಗೀರು ಸಿಕ್ಕಿದರೆ ಹೊಸ ಸೀಲೂ ಬಾಳಲ್ಲ. ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ಆ ಕಡೆ ಈ ಕಡೆ ತಿರುಗಿಸು, ನಡುವೆ ಕಟಕ್ ಅಂತ ಕೂತರೆ ಕೋನ್ ಸೆಟ್ ಮುಗಿದಿದೆ. ಪೆನ್ಸಿಲಿನಿಂದ ಕಡ್ಡಿಗಳಿಗೆ ಒಂದೊಂದಾಗಿ ತಟ್ಟು, ಎಲ್ಲವೂ ಹೆಚ್ಚು ಕಡಿಮೆ ಒಂದೇ ಸ್ವರ ಹೇಳಬೇಕು. ಆಮೇಲೆ ಏರ್ ಫಿಲ್ಟರಿನ ಡಬ್ಬಿ ತೆಗೆಸು. ಇದನ್ನು ಯಾರೂ ತೊಳೆದಿಟ್ಟಿರಲ್ಲ. ಒಳಗೆ ಕೆಂಪು ಧೂಳು ಗಟ್ಟಿಯಾಗಿ ಕೂತಿದ್ದರೆ, ಅಷ್ಟೇ ಧೂಳು ಎಂಜಿನ್ನಿನೊಳಗೂ ಹೋಗಿದೆ ಅಂತ ತಿಳಿದು ಕೈಮುಗಿದು ಬಾ. ಎಂಜಿನ್ ನಂಬರು, ಚಾಸಿ ನಂಬರು ಆರ್‌ಸಿಗೆ ತಾಳೆ ನೋಡು. ಸಾಲದ ಮೇಲೆ ಕೊಂಡಿದ್ದಾದರೆ ಬ್ಯಾಂಕಿನ ಎನ್‌ಒಸಿ ಕೇಳು. ಅಣ್ಣ, ಮಾಮ ಅಂತ ಕರೆದ ಮಾತ್ರಕ್ಕೆ ಕಾಗದ ಕೇಳೋಕೆ ನಾಚಬೇಡ.

ಬಿಡಿಭಾಗದ ಮಾತೂ ಇದೆ. ಕ್ಲಚ್ ಲಿವರ್ ಮುರಿಯುತ್ತೆ, ಗೇರ್ ಲಿವರ್ ಬಾಗುತ್ತೆ, ಇದು ಖಾತ್ರಿ. ಹೀರೋ ಶೋರೂಮ್ ತಾಲೂಕಿಗೊಂದಿದೆ. ಮಿಕ್ಕ ಕೆಲವಕ್ಕೆ ಮಂಗಳೂರಿಗೋ ಬೆಂಗಳೂರಿಗೋ ಹೇಳಿಕಳಿಸಿ ಕಾಯಬೇಕು. ಕಾಯುವ ತಾಳ್ಮೆ ನಿನಗೆಷ್ಟಿದೆ ಅಂತ ಊಟದ ಎಲೆ ಹಾಕುವ ಹೊತ್ತಿಗೆ ನೋಡಿದ್ದೇನೆ. ನನ್ನನ್ನು ಕೇಳಿದರೆ ಎಕ್ಸ್‌ಪಲ್ಸ್ ತಗೋ. ಕೆಎಲ್‌ಎಕ್ಸ್ ಹಗುರ, ನೆಲದಿಂದ 265 ಮಿಲಿಮೀಟರ್ ಮೇಲಿದೆ, ಮಣ್ಣಿನಲ್ಲಿ ಅದೇ ಮೇಲು. ಒಪ್ಪಿದೆ. ಆದರೆ ಇದು ಮನೆಯ ಬೈಕೂ ಹೌದು, ನಾಲ್ಕು ಜನ ಮುಟ್ಟುತ್ತಾರೆ, ಪೇಟೆಯ ಮೆಕ್ಯಾನಿಕ್ಕಿಗೆ ಅದರ ಒಳಹೊರಗು ಗೊತ್ತಿರಬೇಕು. ಮುಂದೆ ಕೈ ಕುದುರಿ, ಪುಟಾಣಿ ಬೈಕ್ ಸಾಲದು ಅನ್ನಿಸಿದರೆ ಆಗ ನೋಡೋಣ.

ಉಳಿದ ದುಡ್ಡನ್ನು ಮೈಮೇಲೆ ಹಾಕು. ಐಎಸ್‌ಐ ಗುರುತಿನ ಹೆಲ್ಮೆಟ್, ಮಂಡಿಚಿಪ್ಪು, ಪಾದದ ಗಿಣ್ಣು ಮುಚ್ಚುವ ಬೂಟು. ಹವಾಯಿ ಚಪ್ಪಲಿಯಲ್ಲಿ ತೋಟ ಸುತ್ತಿದವರ ಕಾಲನ್ನು ನಾನು ನೋಡಿದ್ದೇನೆ. ಗಾಡಿ ಮಲಗುವಾಗ ಮೊದಲು ಸಿಗೋದು ಗಿಣ್ಣು. ಬೂಟಿನೊಳಗೆ ಉಂಬಳ ಹೋಗುತ್ತೆ ಅಂತ ನೆಪ ಹೇಳಬೇಡ, ಸುಣ್ಣ ಹೊಗೆಸೊಪ್ಪು ಕಟ್ಟಿಕೊಡ್ತೀನಿ.

ಓಡಿಸೋದನ್ನು ಕಲಿತೇ ಓಡಿಸು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ತಿ ಮುಗಿಸಿದ ಮೊದಲ ಭಾರತೀಯ. 36ನೆಯವನಾಗಿ ಬಂದ. ಉಡುಪಿಯ ಕೆ.ಪಿ. ಅರವಿಂದ್, ನೀನು ಬಿಗ್ ಬಾಸಿನಲ್ಲಿ ನೋಡಿದ ಅದೇ ಹುಡುಗ, 2019ರಲ್ಲಿ ಮುಗಿಸಿದ. ಅಲ್ಲಿ ಮುಗಿಸೋದೇ ದೊಡ್ಡದು, ಹಾರೋದಲ್ಲ. ಸಂತೋಷ್ ಕೋಲಾರದ ಹತ್ತಿರ ಬಿಗ್ ರಾಕ್ ಅಂತ ಮಣ್ಣಿನ ಟ್ರ್ಯಾಕ್ ಮಾಡಿದ್ದಾನೆ, ಕಲಿಸ್ತಾರೆ. ನಿನ್ನ ರೂಮಿನಿಂದ ಒಂದು ಭಾನುವಾರದ ದೂರ. ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲೋದು, ಮಂಡಿಯಲ್ಲಿ ಟ್ಯಾಂಕ್ ಹಿಡಿಯೋದು, ನೋಟ ದೂರಕ್ಕಿಡೋದು, ಇಷ್ಟು ಬಂದರೆ 200 ಸಿಸಿ ಬೈಕ್ 400 ಆಗುತ್ತೆ.

ಹಳ್ಳದ ವಿಷಯ ಮಾತ್ರ ನನ್ನಿಂದಲೇ ಕೇಳು. ಇಳಿಯುವ ಮುಂಚೆ ಬೂಟು ಒದ್ದೆಯಾದರೂ ಸರಿ, ಒಮ್ಮೆ ನಡೆದು ನೋಡು. ನಡುನೀರಿನಲ್ಲಿ ಗಾಡಿ ಮಲಗಿ ಆಫ್ ಆದರೆ ಗಾಬರಿಯಲ್ಲಿ ಸೆಲ್ಫ್ ಒತ್ತಬೇಡ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಅದುಮಲಾರದು, ಕನೆಕ್ಟಿಂಗ್ ರಾಡೇ ಬಾಗುತ್ತೆ. ದಡಕ್ಕೆ ತಳ್ಳು, ಏರ್ ಫಿಲ್ಟರ್ ನೋಡು, ಸ್ಪಾರ್ಕ್ ಪ್ಲಗ್ ಬಿಚ್ಚು, ಆಮೇಲೆ ಎಂಜಿನ್ ತಿರುಗಿಸಿ ನೀರು ಚಿಮ್ಮಿ ಹೋಗೋಕೆ ಬಿಡು. ಮಳೆಗಾಲದಲ್ಲಿ ಕೆಂಪು ನೀರು ಬರ್ತಿದ್ದರೆ ಇಳಿಯಲೇಬೇಡ, ಬಳಸಿ ಬಾ.

ಎಲ್ಲಿ ಹೋಗಬಾರದು ಅನ್ನೋದು ಎಲ್ಲಿ ಹೋಗಬೇಕು ಅನ್ನೋದಕ್ಕಿಂತ ಮುಖ್ಯ. ಮುಳ್ಳಯ್ಯನಗಿರಿ ಕಡೆ ಹುಲ್ಲುಗಾವಲಿಗೆ ಗಾಡಿ ಹತ್ತಿಸಿ ರೀಲ್ಸ್ ಮಾಡ್ತಾರಲ್ಲ, ಆ ಗುಂಪಿನ ಹಿಂದೆ ಹೋಗಬೇಡ. ಆ ಹುಲ್ಲಿನಡಿಯ ಮಣ್ಣು ತೆಳು. ಚಕ್ರದ ಜಾಡು ಬಿದ್ದ ಕಡೆ ಹುಲ್ಲು ಹರಿಯುತ್ತೆ, ಜೂನಿನ ಮಳೆ ಅದೇ ಜಾಡಿನಲ್ಲಿ ಇಳಿದು ಕೊರಕಲು ಮಾಡುತ್ತೆ, ಕೆಳಗಿನವರ ಹಳ್ಳಕ್ಕೆ ಮಣ್ಣು ಬರುತ್ತೆ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗಿದರೆ 1963ರ ಅರಣ್ಯ ಕಾಯ್ದೆಯಲ್ಲಿ ಕೇಸಾಗುತ್ತೆ, ಗಾಡಿ ಅವರ ಅಂಗಳದಲ್ಲಿ ತುಕ್ಕು ಹಿಡಿಯುತ್ತೆ. ಬೇರೆಯವರ ತೋಟದ ದಾರಿಯಾದರೆ ಯಜಮಾನರನ್ನು ಒಂದು ಮಾತು ಕೇಳು. ಉಣುಗೋಲು ಸರಿಸಿದವನು ಮತ್ತೆ ಹಾಕಿಯೇ ಮುಂದೆ ಹೋಗಬೇಕು. ಎದುರಿಗೆ ಸೊಪ್ಪಿನ ಹೊರೆ ಹೊತ್ತವರು ಬಂದರೆ ಗಾಡಿ ಆಫ್ ಮಾಡಿ ಪಕ್ಕಕ್ಕೆ ನಿಲ್ಲು, ಯಾರ ಮನೆ ಮಗ ಅಂತ ಅವರು ಕೇಳ್ತಾರೆ, ಹೇಳು.

ಇಷ್ಟಾದ ಮೇಲೂ ಯಾವ ಬಣ್ಣ ಅಂತ ಕೇಳ್ತೀಯ, ಗೊತ್ತು. ಯಾವುದು ತಗೊಂಡರೂ ಜುಲೈನಲ್ಲಿ ಎಲ್ಲವೂ ಕೆಂಪು. ಟೆಸ್ಟ್ ರೈಡಿಗೆ ಶನಿವಾರ ಬೆಳಗ್ಗೆಯೇ ಹೋಗೋಣ, ಸೇಲ್ಸಿನವರಿಗೆ ಪುರುಸೊತ್ತಿರುತ್ತೆ. ನಾನೂ ಬರ್ತೀನಿ, ಹಿಂದೆ ಕೂರಲ್ಲ, ನಿಂತು ನೋಡ್ತೀನಿ. ಅಮ್ಮನಿಗೆ ಮಾತ್ರ ನೀನೇ ಹೇಳು. ಆ ಕೆಲಸ ನನ್ನ ತಲೆಗೆ ಕಟ್ಟಬೇಡ.